ಒಲಿಂಪಸ್ 35 ಆರ್‌ಸಿಗೆ ಚಿಕ್ಕ ಫ್ಲ್ಯಾಶ್ ಬೇಕು: 14 ತಗೊಳ್ಳಲಾ, 46 ತಗೊಳ್ಳಲಾ?

ರೀಲುಪ್ರಿಯ

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಒಲಿಂಪಸ್ 35 ಆರ್‌ಸಿ ಅನ್ನುವ ಹಳೇ ರೀಲಿನ ಕ್ಯಾಮೆರಾ ಬಳಸುತ್ತಿದ್ದೇನೆ. ದೊಡ್ಡಪ್ಪನ ಕ್ಯಾಮೆರಾ ಇದು. ಅವರ ಬೀರುವಿನಲ್ಲಿ ಚರ್ಮದ ಕವರಿನೊಳಗೆ ಎಷ್ಟೋ ವರ್ಷ ಸುಮ್ನೆ ಕೂತಿತ್ತು. ಹಗಲು ತೆಗೆದ ಚಿತ್ರಗಳು ಎಷ್ಟು ಚೆನ್ನಾಗಿ ಬರುತ್ತವೆ ಅಂದರೆ, ಈಗ ಫೋನಿನಲ್ಲಿ ಫೋಟೋ ತೆಗೆಯುವುದೇ ಕಡಿಮೆಯಾಗಿದೆ.

ತೊಂದರೆ ಇರುವುದು ರಾತ್ರಿ ಹೊತ್ತು. ಹಾಕುವ ರೀಲು ಐಎಸ್‌ಒ 400 (ರೀಲು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಅಂಕಿ). ಮನೆಯೊಳಗೆ ದೀಪದ ಬೆಳಕಿನಲ್ಲಿ ಆಟೋಗೆ ಇಟ್ಟರೆ ಬಟನ್ ಒತ್ತುವುದಕ್ಕೇ ಬರುವುದಿಲ್ಲ, ಬೆಳಕು ಸಾಲದೆ ಲಾಕ್ ಆಗುತ್ತದೆ. ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಿಂಡಿ, ಅಂಕಿ ಹೆಚ್ಚಿದಷ್ಟೂ ಚಿಕ್ಕದು) ಎಫ್ 2.8, ಶಟರ್ 1/15 ಸೆಕೆಂಡ್ ಅಂತ ನಾನೇ ಇಟ್ಟು ತೆಗೆದರೆ ಅಲುಗಾಡಿ ಹೋಗುತ್ತದೆ. ಕಳೆದ ರೀಲಿನಲ್ಲಿ 9 ಫ್ರೇಮು ಹೀಗೇ ಹಾಳಾದವು. ಅದರಲ್ಲೊಂದು, ಅಜ್ಜಿ ಮರಿಮಗುವಿನ ಕೈ ಹಿಡಿದು ನಗುತ್ತಿರುವುದು. ಅಜ್ಜಿ ಸ್ಪಷ್ಟವಾಗಿ ಬಂದಿದ್ದಾರೆ, ಮಗುವಿನ ಮುಖ ಮಾತ್ರ ಬಟ್ಟೆಯಲ್ಲಿ ಒರೆಸಿದ ಹಾಗಿದೆ. ಅದನ್ನು ನೋಡಿದ ದಿನವೇ ಫ್ಲ್ಯಾಶ್ ಹುಡುಕುವುದಕ್ಕೆ ಶುರು ಮಾಡಿದೆ.

ಜಾಸ್ತಿ ದುಡ್ಡು ಹಾಕುವ ಸ್ಥಿತಿಯಲ್ಲಿಲ್ಲ. ಕ್ಯಾಮೆರಾ ಅಂಗೈಯಷ್ಟಿದೆ, ಅದರ ಮೇಲೆ ದೊಡ್ಡ ಗೋಪುರ ಕೂರಿಸುವುದಕ್ಕೂ ಮನಸ್ಸಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸಿಕ್ಕಿವೆ.

ಒಂದು ತೀರಾ ಚಿಕ್ಕದು, ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು. ಎರಡು ಪೆನ್ಸಿಲ್ ಸೆಲ್. ಒಂದೇ ಒಂದು ಸ್ವಿಚ್ಚು, ಬೇರೆ ಏನೂ ಇಲ್ಲ. ಗೈಡ್ ನಂಬರ್, ಅಂದರೆ ಫ್ಲ್ಯಾಶಿನ ಶಕ್ತಿಯ ಅಂಕಿ, 14.

ಇನ್ನೊಂದು ಸ್ವಲ್ಪ ದೊಡ್ಡದು. ಮುಂದೆ ಬಟಾಣಿ ಗಾತ್ರದ ಕಪ್ಪು ಕಣ್ಣಿದೆ, ಹಿಂದೆ ಒಂದು ಅಳತೆಪಟ್ಟಿ. ಗೈಡ್ ನಂಬರ್ 46 ಅಂತ ಬರೆದಿದೆ.

46 ಅಂದರೆ ಮೂರು ಪಟ್ಟಿಗಿಂತ ಜಾಸ್ತಿ ಅಲ್ವಾ? ನನ್ನ ಮನಸ್ಸು ಆ ಕಡೆಗೇ ವಾಲಿದೆ. ಈಗ ಬರುವ ಹೊಸ ಪುಟ್ಟ ಫ್ಲ್ಯಾಶ್‌ಗಳನ್ನೂ ನೋಡಿದೆ, ಆದರೆ 15 ಅಂತ ಇದ್ದದ್ದು ನೋಡಿ ಬಿಟ್ಟೆ. ನಾನು ಸರಿಯಾಗಿ ಯೋಚಿಸುತ್ತಿದ್ದೇನಾ? ತಿಳಿದವರು ಹೇಳಿ.

ಮೂರನೇಕಣ್ಣು

46 ತಗೊಳ್ಳಿ. ಬೆಳಕು ಜಾಸ್ತಿ ಇದ್ದರೆ ಅಪರ್ಚರ್ ಮುಚ್ಚಿಕೊಳ್ಳಬಹುದು, ಕಡಿಮೆ ಬಿದ್ದರೆ ಏನೂ ಮಾಡುವುದಕ್ಕಾಗುವುದಿಲ್ಲ. ನಾನು ಯಾವಾಗಲೂ ಶಕ್ತಿ ಇರುವುದನ್ನೇ ಆರಿಸುತ್ತೇನೆ.

ಕತ್ತಲಕೋಣೆ

ರೀಲುಪ್ರಿಯ ಅವರೇ, ಮೊದಲು ಒಂದು ಮಾತು. ಆ ಅಜ್ಜಿ ಮತ್ತು ಮಗುವಿನ ಫ್ರೇಮು ಎಸೆಯಬೇಡಿ. ನೆಗೆಟಿವ್ ಜೋಪಾನವಾಗಿಡಿ.

ಈಗ ಫ್ಲ್ಯಾಶ್ ವಿಚಾರ. ಆ 46 ಅನ್ನುವುದು ಅಡಿಯ ಲೆಕ್ಕ. 14 ಮೀಟರ್ ಲೆಕ್ಕ. ಒಂದು ಮೀಟರ್ ಅಂದರೆ ಸುಮಾರು 3.28 ಅಡಿ. 14ನ್ನು 3.28ರಿಂದ ಗುಣಿಸಿ ನೋಡಿ, 46 ಬರುತ್ತದೆ. ನಿಮ್ಮ ಕೈಯಲ್ಲಿರುವ ಎರಡೂ ಒಂದೇ ಶಕ್ತಿಯವು. ಹಳೇ ಫ್ಲ್ಯಾಶ್‌ಗಳ ಮೇಲೆ ಅಡಿಯೋ ಮೀಟರೋ ಅಂತ ಬರೆದಿರುವುದು ಸಣ್ಣ ಅಕ್ಷರದಲ್ಲಿ, ಎಷ್ಟೋ ಸಲ ಅಳಿಸಿಯೇ ಹೋಗಿರುತ್ತದೆ. ನಾನೂ ಮೊದಲ ಸಲ ಇದೇ ಲೆಕ್ಕ ತಪ್ಪಿ ಒಂದು ಇಡೀ ರೀಲು ಕಪ್ಪಾಗಿ ತೆಗೆದಿದ್ದೆ.

ಗೈಡ್ ನಂಬರ್ ಅಂದರೆ ಅಪರ್ಚರನ್ನು ದೂರದಿಂದ ಗುಣಿಸಿದ್ದು, ಅಷ್ಟೇ. 14 ಇದ್ದು, ಜನ 2 ಮೀಟರ್ ದೂರದಲ್ಲಿದ್ದರೆ, 14ನ್ನು 2ರಿಂದ ಭಾಗಿಸಿ: ಎಫ್ 7. ಇದು ಐಎಸ್‌ಒ 100 ರೀಲಿಗೆ. ನೀವು ಹಾಕುವುದು 400. ನಾಲ್ಕು ಪಟ್ಟು ವೇಗದ ರೀಲಿಗೆ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ. ಅಂದರೆ 28. ಅದೇ 2 ಮೀಟರಿಗೆ ಈಗ ಎಫ್ 14 ಬೇಕು, 11ಕ್ಕೂ 16ಕ್ಕೂ ನಡುವೆ. 1 ಮೀಟರ್ ಹತ್ತಿರ ಹೋದರೆ ಎಫ್ 28. ನಿಮ್ಮ ಲೆನ್ಸ್ 22ಕ್ಕೇ ನಿಲ್ಲುತ್ತದೆ. ಅಂದರೆ ಆ ಬೆಂಕಿಪೊಟ್ಟಣದಂಥ ಫ್ಲ್ಯಾಶೇ ನಿಮ್ಮ ಮನೆಯೊಳಗೆ ಜಾಸ್ತಿ. ಮೂರನೇಕಣ್ಣು ಅವರು ಹೇಳಿದ್ದು ದೊಡ್ಡ ಸಭಾಂಗಣಕ್ಕೆ ಸರಿ, ಅಲ್ಲಿ ನಾನೂ ದೊಡ್ಡದನ್ನೇ ಒಯ್ಯುತ್ತೇನೆ. ಮನೆಯ ಕೋಣೆಗೆ ಅದು ಬೇಡ.

ಅಪರ್ಚರ್ ಮುಚ್ಚಿಕೊಂಡರಾಯಿತಲ್ಲ ಅನ್ನಬಹುದು. ಮುಚ್ಚಿಕೊಂಡರೆ ಮುಖ ಸರಿಯಾಗಿ ಬರುತ್ತದೆ, ಕೋಣೆ ಹೋಗುತ್ತದೆ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಚಿಕ್ಕ ಫ್ಲ್ಯಾಶ್ ಆರಿಸುವಾಗ ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಫ್ಲ್ಯಾಶ್ ಇಟ್ಟು ತೆಗೆದ ಚಿತ್ರದಲ್ಲಿ ಎರಡು ಬೆಳಕು ಸೇರಿರುತ್ತವೆ. ಒಂದು ಫ್ಲ್ಯಾಶಿನದು, ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತದೆ, ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಇನ್ನೊಂದು ಕೋಣೆಯ ದೀಪದ್ದು, ಶಟರ್ ತೆರೆದಿರುವಷ್ಟು ಹೊತ್ತೂ ನಿಧಾನವಾಗಿ ತುಂಬುತ್ತದೆ. ನಿಮ್ಮ ಕೋಣೆಗೆ ಎಫ್ 2.8, 1/15 ಸುಮಾರಾಗಿ ಸರಿ ಅಂತ ಇಟ್ಟುಕೊಳ್ಳಿ. ಫ್ಲ್ಯಾಶಿಗೋಸ್ಕರ ಅಪರ್ಚರನ್ನು 11ಕ್ಕೆ ತಂದರೆ ಕೋಣೆಯ ಬೆಳಕು ನಾಲ್ಕು ಸ್ಟಾಪ್ ಕಡಿಮೆ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ. ಅಂದರೆ ಹದಿನಾರರಲ್ಲೊಂದು ಪಾಲು. ಅಜ್ಜಿ ಬೆಳ್ಳಗೆ, ಹಿಂದೆ ಬಾವಿಯಂಥ ಕತ್ತಲು. ಫ್ಲ್ಯಾಶ್ ಅಂದರೆ ಜನ ಮುಖ ಸಿಂಡರಿಸುವುದು ಇದಕ್ಕೇ.

ಹಾಗಾಗಿ ನೀವು ಹುಡುಕಬೇಕಾದದ್ದು ಬೆಳಕನ್ನು ಕಡಿಮೆ ಮಾಡಿಕೊಳ್ಳಲು ಬಿಡುವ ಫ್ಲ್ಯಾಶ್. 15 ಅಂತ ನೋಡಿ ಬಿಟ್ಟಿರಲ್ಲ, ಆ ಹೊಸ ಪುಟ್ಟ ಫ್ಲ್ಯಾಶ್ ಮತ್ತೆ ತೆರೆದು ನೋಡಿ. ಗೊಡಾಕ್ಸ್ ಐಎಂ30 ಆಗಿದ್ದರೆ ಅದರಲ್ಲಿ ಪೂರ್ತಿ ಶಕ್ತಿಯಿಂದ 1/64ರವರೆಗೆ ಏಳು ಹಂತಗಳಿವೆ. ನನ್ನ ಹತ್ತಿರ ಅದೇ ಇದೆ. ಎರಡು ಸಣ್ಣ ತ್ರಿಬಲ್ ಎ ಸೆಲ್ ಹಾಕಿಕೊಳ್ಳುತ್ತದೆ, ಅಂಗಿಯ ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ.

ಅದರ ಬೆನ್ನಿಗೆ ಒಂದು ಬಿಳಿ ಟೇಪ್ ಅಂಟಿಸಿದ್ದೇನೆ. ಮೇಲೆ ಪೆನ್ನಿನಲ್ಲಿ ಬರೆದಿರುವುದು ಇಷ್ಟೇ:

400 ರೀಲು, ಎಫ್ 4
1.4 ಮೀ: 1/32
2 ಮೀ: 1/16
2.8 ಮೀ: 1/8
4 ಮೀ: 1/4

ನಾಲ್ಕು ಸಾಲು. ಈ ಟೇಪು ಹಚ್ಚಿದ ಮೇಲೆ ನಾನು ಲೆಕ್ಕ ಹಾಕುವುದನ್ನೇ ನಿಲ್ಲಿಸಿದೆ. ಅಪರ್ಚರ್ 4 ಬಿಟ್ಟು ಅಲುಗಿಸುವುದಿಲ್ಲ. ಜನ ಎಷ್ಟು ದೂರದಲ್ಲಿದ್ದಾರೆ ನೋಡಿ ಶಕ್ತಿಯ ಹಂತ ಒತ್ತುತ್ತೇನೆ. ಶಟರ್ 1/15 ಅಥವಾ 1/30. ಕೋಣೆಯ ಬೆಳಕು ಒಂದೋ ಎರಡೋ ಸ್ಟಾಪ್ ಕಡಿಮೆ ಬೀಳುತ್ತದೆ. ಹಿಂದಿನ ಗೋಡೆ, ಕಿಟಕಿ, ಉರಿಯುವ ದೀಪ ಎಲ್ಲ ಕಾಣುತ್ತವೆ. ದೀಪದ ಬೆಳಕು ರೀಲಿನಲ್ಲಿ ಸ್ವಲ್ಪ ಕಿತ್ತಳೆಯಾಗಿ ಬರುತ್ತದೆ. ನನಗಂತೂ ಅದು ಇಷ್ಟ, ರಾತ್ರಿಯ ಮನೆ ಅನ್ನಿಸುತ್ತದೆ.

1/15ರಲ್ಲಿ ಮಗು ಅಲುಗಾಡಿದರೆ? ಫ್ಲ್ಯಾಶ್ ಬಿದ್ದ ಕ್ಷಣ ಮುಖ ಗಟ್ಟಿಯಾಗಿ ಅಚ್ಚಾಗುತ್ತದೆ. ಅದರ ಅಂಚಿನಲ್ಲಿ ತೆಳ್ಳಗೆ ನೆರಳಿನಂಥ ಗೆರೆ ಬರಬಹುದು. ಅದು ಬೇಡ ಅಂದರೆ 1/60 ಮಾಡಿ.

ಇನ್ನು ಆ ಕಣ್ಣಿರುವ ಫ್ಲ್ಯಾಶ್. ಕೆಟ್ಟದ್ದೇನಲ್ಲ. ಎದುರಿನಿಂದ ವಾಪಸ್ ಬರುವ ಬೆಳಕನ್ನು ಆ ಕಣ್ಣು ಅಳೆದು, ಸಾಕಾದ ತಕ್ಷಣ ಫ್ಲ್ಯಾಶ್ ನಿಲ್ಲಿಸುತ್ತದೆ. ಮಕ್ಕಳು ಓಡಾಡುತ್ತಿದ್ದರೆ ಇದಕ್ಕಿಂತ ಹಿತ ಇನ್ನೊಂದಿಲ್ಲ. ಆದರೆ ಇಂಥ ಚಿಕ್ಕವುಗಳಲ್ಲಿ ಎಷ್ಟೋ ಸಲ ಒಂದೇ ಅಪರ್ಚರ್ ಕೊಟ್ಟಿರುತ್ತಾರೆ. ಐಎಸ್‌ಒ 100ಕ್ಕೆ ಎಫ್ 4 ಅಂತಿದ್ದರೆ 400ಕ್ಕೆ ಎಫ್ 8. ಮತ್ತೆ ಹಿಂದೆ ಕತ್ತಲು. ನಿಮ್ಮದರ ಅಳತೆಪಟ್ಟಿಯಲ್ಲಿ 400ರ ಎದುರು ಏನಿದೆ ನೋಡಿ ಹೇಳಿ.

ನಿಮ್ಮ ಕ್ಯಾಮೆರಾ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 35 ಆರ್‌ಸಿಯ ಶಟರ್ ಲೆನ್ಸಿನೊಳಗೇ ಇದೆ, ಹೂವಿನ ದಳ ಬಿಚ್ಚಿದ ಹಾಗೆ ತೆರೆಯುತ್ತದೆ. ಅದಕ್ಕೇ 1/15ರಿಂದ 1/500ರವರೆಗೆ ಯಾವ ವೇಗದಲ್ಲೂ ಫ್ಲ್ಯಾಶ್ ಹೊಂದುತ್ತದೆ. ಹೆಚ್ಚಿನ ಹಳೇ ಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ) 1/60 ಅಥವಾ 1/125 ದಾಟಿದರೆ ಅರ್ಧ ಫ್ರೇಮು ಕಪ್ಪಾಗುತ್ತದೆ. ಬಿಸಿಲಲ್ಲಿ ಮುಖದ ನೆರಳು ತುಂಬುವುದಕ್ಕೆ 1/500 ಇಟ್ಟು ಈ ಪುಟ್ಟ ಫ್ಲ್ಯಾಶ್ ಹಾಕಿ ನೋಡಿ, ಟೋಪಿ ಕೆಳಗಿನ ಕಣ್ಣುಗಳೂ ಕಾಣುತ್ತವೆ.

ಕಿರುಕ್ಯಾಮೆರಾ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ರೋಲೈ 35. ಇದರ ಹಾಟ್ ಶೂ (ಫ್ಲ್ಯಾಶ್ ಸಿಕ್ಕಿಸುವ ಜಾಗ) ಕ್ಯಾಮೆರಾದ ತಳದಲ್ಲಿದೆ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಎಲ್ಲರ ಮೂಗಿನ ನೆರಳು ಹಣೆ ಕಡೆಗೆ ಹೋಗಿದೆ. ಏನು ಮಾಡಬೇಕು?

ಕತ್ತಲಕೋಣೆ

ಕಿರುಕ್ಯಾಮೆರಾ ಅವರೇ, ಕ್ಯಾಮೆರಾವನ್ನು ತಲೆಕೆಳಗು ಮಾಡಿ ಹಿಡಿಯಿರಿ. 1966ರಲ್ಲಿ ಆ ಕ್ಯಾಮೆರಾ ಬಂದಾಗಿನಿಂದ ಅದನ್ನು ಇಟ್ಟುಕೊಂಡವರು ಹಾಗೇ ಹಿಡಿಯುತ್ತಿದ್ದಾರೆ. ಫ್ಲ್ಯಾಶ್ ಮೇಲೆ ಬರುತ್ತದೆ, ನೆರಳು ಕೆಳಗಿಳಿಯುತ್ತದೆ. ಬೆರಳಿನ ಅಭ್ಯಾಸಕ್ಕೆ ಒಂದು ರೀಲು ಬೇಕಾದೀತು. ಚಿತ್ರ ಉದ್ದಕ್ಕೆ ತೆಗೆಯುವಾಗ ಫ್ಲ್ಯಾಶ್ ಪಕ್ಕಕ್ಕೆ ಬರುತ್ತದೆ, ಗೋಡೆ ಹತ್ತಿರ ಯಾರನ್ನೂ ನಿಲ್ಲಿಸಬೇಡಿ.

ಬೆಸುಗೆ

ಹಳೇ ಫ್ಲ್ಯಾಶ್‌ಗಳನ್ನು ರಿಪೇರಿ ಮಾಡುವವನು ನಾನು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಕೆಲವು ಮಾತು ಹೇಳಲೇಬೇಕು.

ಫ್ಲ್ಯಾಶಿನ ಒಳಗಿನ ಕೆಪಾಸಿಟರಿನಲ್ಲಿ (ಕರೆಂಟ್ ತುಂಬಿಡುವ ಭಾಗ) ಸುಮಾರು 300 ವೋಲ್ಟ್ ಕೂತಿರುತ್ತದೆ. ಸೆಲ್ ತೆಗೆದ ಮೇಲೂ ಇರುತ್ತದೆ. ದಯವಿಟ್ಟು ಯಾರೂ ಸ್ಕ್ರೂ ಬಿಚ್ಚಬೇಡಿ. ಒಂದು ಸಲ ನನ್ನ ಬೆರಳ ತುದಿಯಲ್ಲಿ ಸಾಸಿವೆಯಷ್ಟು ಸುಟ್ಟ ಕಲೆ ಆಗಿತ್ತು, ಕೈ ಭುಜದವರೆಗೆ ಮರಗಟ್ಟಿತ್ತು. ಆಮೇಲಿಂದ ಅಳೆಯದೆ ಯಾವುದನ್ನೂ ಮುಟ್ಟಿಲ್ಲ.

ಬಹಳ ವರ್ಷ ಸುಮ್ನೆ ಬಿದ್ದಿದ್ದ ಫ್ಲ್ಯಾಶಿನ ಕೆಪಾಸಿಟರ್ ಸೊರಗಿರುತ್ತದೆ. ಹೊಸ ಸೆಲ್ ಹಾಕಿ, ದೀಪ ಹತ್ತಿದ ಮೇಲೆ ಕೆಲವು ನಿಮಿಷ ಹಾಗೇ ಬಿಡಿ. ಆಮೇಲೆ ಒಮ್ಮೆ ಹಾರಿಸಿ. ಹೀಗೆ ಐದಾರು ಸಲ. ಎಷ್ಟೋ ಫ್ಲ್ಯಾಶ್‌ಗಳು ಮೂರನೇ ಸಲಕ್ಕೇ ಚುರುಕಾಗುವುದನ್ನು ನೋಡಿದ್ದೇನೆ. ಮೈ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಸೆಲ್ ತೆಗೆಯಿರಿ.

ಸೆಲ್ ಗೂಡಿನಲ್ಲಿ ಹಸಿರೋ ಬಿಳಿಯೋ ಪುಡಿ ಕಟ್ಟಿದ್ದರೆ ಹೆದರಬೇಡಿ. ಅದು ಹಳೇ ಆಲ್ಕಲೈನ್ ಸೆಲ್ ಸೋರಿದ್ದು. ಹತ್ತಿ ತುದಿಗೆ ಸ್ವಲ್ಪ ವಿನೆಗರ್ ತಾಗಿಸಿ ಒರೆಸಿ, ಪೂರ್ತಿ ಒಣಗಿಸಿ. ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿದ್ದರೆ ಮಾತ್ರ ಬಿಟ್ಟುಬಿಡಿ.

ಇನ್ನೊಂದು, ಕಾಲಿನ, ಅಂದರೆ ಹಾಟ್ ಶೂಗೆ ಸಿಕ್ಕಿಸುವ ತುದಿಯ ವೋಲ್ಟೇಜ್. ಹಳೇ ಫ್ಲ್ಯಾಶ್‌ಗಳ ಕಾಲಿನ ನಡುವಿನ ಚುಕ್ಕೆಯಲ್ಲಿ 200 ವೋಲ್ಟಿಗೂ ಮೇಲೆ ಇರುವುದುಂಟು. 35 ಆರ್‌ಸಿಯ ಶಟರ್ ಪೂರ್ತಿ ಮೆಕ್ಯಾನಿಕಲ್, ಅದರ ಸಿಂಕ್ (ಶಟರ್ ತೆರೆದಾಗಲೇ ಫ್ಲ್ಯಾಶ್ ಹಾರಿಸುವ ಏರ್ಪಾಟು) ಬರೀ ಲೋಹದ ಸಂಪರ್ಕ, ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಅದೇ ಫ್ಲ್ಯಾಶನ್ನು ನಾಳೆ ಮನೆಯ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಅದರ ಸರ್ಕ್ಯೂಟ್ ಸುಟ್ಟುಹೋಗಬಹುದು. ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ಚಾರ್ಜ್ ಆದ ಫ್ಲ್ಯಾಶಿನ ನಡುವಿನ ಚುಕ್ಕೆಗೆ ಕೆಂಪು ಕಡ್ಡಿ, ಕಾಲಿನ ಪಕ್ಕದ ಲೋಹಕ್ಕೆ ಕಪ್ಪು ಕಡ್ಡಿ ಮುಟ್ಟಿಸಿ. ಐದಾರು ವೋಲ್ಟ್ ಬಂದರೆ ನಿಶ್ಚಿಂತೆ.

ರೀಲುಪ್ರಿಯ

ಅಡಿ, ಮೀಟರ್ ವಿಚಾರ ಓದಿ ಹೋಗಿ ನೋಡಿದೆ. ನಿಜ! 46ರ ಪಕ್ಕದಲ್ಲಿ ಅಡಿ ಅಂತ ಇತ್ತು, ಅರ್ಧ ಅಳಿಸಿದೆ. ಅಳತೆಪಟ್ಟಿಯಲ್ಲಿ 400ರ ಎದುರು ಎಫ್ 8 ಒಂದೇ ಇದೆ. ನೀವು ಹೇಳಿದ ಹಾಗೇ.

ಎರಡು ಅನುಮಾನ. ನನ್ನ ಕ್ಯಾಮೆರಾದಲ್ಲಿ ಫ್ಲ್ಯಾಶ್‌ಮ್ಯಾಟಿಕ್ ಅಂತ ಒಂದಿದೆಯಂತೆ, ಅದನ್ನು ಬಳಸಬೇಕಾ? ಮತ್ತೆ, ಕ್ಯಾಮೆರಾದ ಹಾಟ್ ಶೂ ಕೆಲಸ ಮಾಡುತ್ತದೋ ಇಲ್ಲವೋ ಅಂತ ರೀಲು ಹಾಳು ಮಾಡದೆ ತಿಳಿಯುವುದು ಹೇಗೆ? ದೊಡ್ಡಪ್ಪ ಫ್ಲ್ಯಾಶ್ ಹಾಕಿದ್ದೇ ನೆನಪಿಲ್ಲ ಅಂತಾರೆ.

ಕತ್ತಲಕೋಣೆ

ಫ್ಲ್ಯಾಶ್‌ಮ್ಯಾಟಿಕ್ ಚೆಂದದ ಏರ್ಪಾಟು. ಗೈಡ್ ನಂಬರ್ ಒಮ್ಮೆ ಹೊಂದಿಸಿಟ್ಟರೆ, ನೀವು ಫೋಕಸ್ ತಿರುಗಿಸಿದಂತೆಲ್ಲ ಅಪರ್ಚರ್ ತಾನೇ ಬದಲಾಗುತ್ತದೆ. ಪೂರ್ತಿ ಶಕ್ತಿಯ ಫ್ಲ್ಯಾಶಿಗೆ ಅಂತ ಮಾಡಿದ್ದು. ಹೊರಗೆ ರಾತ್ರಿ ಹೊತ್ತು, ಹಿಂದೆ ಹೇಗೂ ಕತ್ತಲೇ ಇರುವಾಗ, ಅದನ್ನೇ ಬಳಸಿ. ಕೋಣೆಯೊಳಗೆ ಟೇಪಿನ ಲೆಕ್ಕ, ಅಪರ್ಚರ್ ಕೈಯಿಂದ 4.

ಹಾಟ್ ಶೂ ಪರೀಕ್ಷೆ ಸುಲಭ. ರೀಲು ಇಲ್ಲದಾಗ ಹಿಂಬದಿ ಮುಚ್ಚಳ ತೆಗೆಯಿರಿ. ಅಪರ್ಚರ್ 2.8, ಶಟರ್ 1/500. ಫ್ಲ್ಯಾಶ್ ಹಾಕಿ, ಬಿಳಿ ಗೋಡೆ ಕಡೆ ಹಿಡಿದು, ಹಿಂದಿನಿಂದ ಲೆನ್ಸಿನೊಳಗೆ ನೋಡುತ್ತಾ ಬಟನ್ ಒತ್ತಿ. ದುಂಡಗೆ ಬಿಳಿ ಚಂದ್ರ ಕಂಡರೆ ಸಿಂಕ್ ಸರಿ ಇದೆ. ಫ್ಲ್ಯಾಶ್ ಹಾರಿಯೂ ಏನೂ ಕಾಣದಿದ್ದರೆ ಸಮಯ ತಪ್ಪುತ್ತಿದೆ. ಫ್ಲ್ಯಾಶೇ ಹಾರದಿದ್ದರೆ ಮೊದಲು ಶೂವಿನ ಪಕ್ಕದ ಲೋಹ ಮತ್ತು ನಡುವಿನ ಚುಕ್ಕೆಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಮತ್ತೆ ನೋಡಿ. ಹತ್ತರಲ್ಲಿ ಏಳೆಂಟು ಸಲ ಬರೀ ಕೊಳೆ ಇರುತ್ತದೆ.

ಇನ್ನೊಂದು ಮರೆತಿದ್ದೆ. ರೆಡಿ ದೀಪ ಹತ್ತಿದ ತಕ್ಷಣ ಒತ್ತಬೇಡಿ. ಫ್ಲ್ಯಾಶ್ ಪೂರ್ತಿ ತುಂಬುವ ಮೊದಲೇ ಅದು ಹತ್ತಿಬಿಡುತ್ತದೆ. ಹತ್ತಿದ ಮೇಲೂ ನಾಲ್ಕೈದು ಸೆಕೆಂಡ್ ಕಾಯಿರಿ. ಸೆಲ್ ಚಾರ್ಜ್ ಮಾಡುವಂಥವನ್ನು ಹಾಕಿ. 1.2 ವೋಲ್ಟ್ ಅಂತ ಕಡಿಮೆ ಕಂಡರೂ ಕರೆಂಟನ್ನು ಸರಾಗವಾಗಿ ಬಿಟ್ಟುಕೊಡುತ್ತವೆ, ಫ್ಲ್ಯಾಶ್ ಬೇಗ ತುಂಬುತ್ತದೆ.

ಮತ್ತೆ ಜನರನ್ನು ಕೂರಿಸುವುದರ ಬಗ್ಗೆ. ಮೇಜಿನ ಸುತ್ತ ಕೂತವರನ್ನು ಒಂದು ತುದಿಯಿಂದ ತೆಗೆಯಬೇಡಿ. ಹತ್ತಿರದವರು 1 ಮೀಟರ್, ಆಚೆ ತುದಿಯವರು 3 ಮೀಟರ್ ಇದ್ದರೆ ಹತ್ತಿರದವರಿಗೆ ಒಂಬತ್ತು ಪಟ್ಟು ಬೆಳಕು ಬೀಳುತ್ತದೆ. ಯಾವ ಫ್ಲ್ಯಾಶೂ ಇದನ್ನು ಸರಿ ಮಾಡುವುದಿಲ್ಲ. ಎಲ್ಲರೂ ನಿಮ್ಮಿಂದ ಸುಮಾರು ಒಂದೇ ದೂರ ಇರುವಂತೆ ಪಕ್ಕಕ್ಕೆ ಬಂದು ನಿಲ್ಲಿ.

ಮೂರನೇಕಣ್ಣು

ಅಡಿ ಲೆಕ್ಕ ನನಗೂ ಹೊಳೆದಿರಲಿಲ್ಲ. ಹಂತ ಇಲ್ಲದ ಫ್ಲ್ಯಾಶ್ ನನ್ನ ಹತ್ತಿರ ಎರಡಿವೆ. ಅವನ್ನು ಕಡಿಮೆ ಮಾಡಲು ದಾರಿ ಇದೆಯಾ?

ಕತ್ತಲಕೋಣೆ

ಇದೆ. ಬಿಳಿ ಕರವಸ್ತ್ರ ಮುಂದೆ ಕಟ್ಟಿ. ನನ್ನದು ಒಂದು ಪದರಕ್ಕೆ ಸುಮಾರು ಒಂದು ಸ್ಟಾಪ್ ತಿನ್ನುತ್ತದೆ. ನಿಮ್ಮದು ಎಷ್ಟು ಅಂತ ಒಂದು ರೀಲಿನಲ್ಲಿ ನಾಲ್ಕು ಫ್ರೇಮು ಇಟ್ಟು ನೋಡಿ. ಬಣ್ಣದ ಬಟ್ಟೆ ಬೇಡ, ಮುಖಕ್ಕೆ ಆ ಬಣ್ಣವೇ ಬರುತ್ತದೆ. ಕಣ್ಣಿರುವ ಫ್ಲ್ಯಾಶಾದರೆ ಕಣ್ಣು ಮುಚ್ಚದ ಹಾಗೆ ಕಟ್ಟಿ.

ರೀಲುಪ್ರಿಯ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಂತಗಳಿರುವ ಪುಟ್ಟದನ್ನೇ ತಗೊಂಡೆ. ಹಾಟ್ ಶೂ ಮೊದಲು ಹಾರಲಿಲ್ಲ. ರಬ್ಬರಿನಿಂದ ಉಜ್ಜಿದೆ, ಕಪ್ಪು ಪುಡಿ ಬಂತು. ಆಮೇಲೆ ಆ ಬಿಳಿ ಚಂದ್ರ ಕಂಡಿತು. ದೊಡ್ಡಪ್ಪನನ್ನೂ ಕರೆದು ತೋರಿಸಿದೆ. ಅವರು ನಾಲ್ಕು ಸಲ ಒತ್ತಿಸಿ ನೋಡಿದರು.

ಟೇಪು ನಾನೂ ಅಂಟಿಸಿಕೊಂಡೆ. ರೀಲು ನಿನ್ನೆ ತೊಳೆದು ಬಂತು. 36ರಲ್ಲಿ 21 ಫ್ಲ್ಯಾಶಿನವು. ಎರಡರಲ್ಲಿ ಹಂತ ಬದಲಿಸಲು ಮರೆತು ಮುಖ ಬೆಳ್ಳಗಾಗಿದೆ. ಉಳಿದವೆಲ್ಲ ಚೆನ್ನಾಗಿವೆ. ಅಜ್ಜಿಯನ್ನು ಅದೇ ಕುರ್ಚಿಯಲ್ಲಿ, ಅದೇ ಮಗುವಿನ ಜೊತೆ ಮತ್ತೆ ಕೂರಿಸಿದ್ದೆ. 2 ಮೀಟರ್, ಶಕ್ತಿ 1/16, ಎಫ್ 4, ಶಟರ್ 1/30. ಮಗು ಈ ಸಲವೂ ಅಲುಗಾಡಿದೆ, ಆದರೆ ಮುಖ ಅಚ್ಚಾಗಿ ಬಂದಿದೆ. ಕಣ್ಣಿನೊಳಗೆ ಫ್ಲ್ಯಾಶಿನ ಚುಕ್ಕೆ ಕಾಣುತ್ತದೆ, ಹಿಂದೆ ಕಪಾಟಿನ ಮೇಲಿನ ದೀಪವೂ ಕಾಣುತ್ತದೆ. ಅಜ್ಜಿಗೆ ಎರಡು ಪ್ರಿಂಟ್ ಬೇಕಂತೆ, ಒಂದು ತಮಗೆ, ಒಂದು ಮಗು ದೊಡ್ಡದಾದ ಮೇಲೆ ಕೊಡೋಕೆ.